ಎಂಟು ಪರ್ಸಿ ಎಬ್ಬಿಸಿ

ಶಹಾಬಾದಿನಲ್ಲಿ ಮನೆ ಕಟ್ಟಿಸಿದವರ ಕೈಯಲ್ಲಿ ಕೊನೆಗೆ ನಾಲ್ಕು ದುಡ್ಡು ಉಳಿದರೆ ಅದು ಅಂಗಳದ ಪರ್ಸಿಗೇ ಹೋಗುತ್ತದೆ. ಬಾಗಿಲಿಂದ ಕಂಪೌಂಡ್ ಗೋಡೆಯ ತನಕ, ತುಳಸಿಕಟ್ಟೆಯ ಬುಡದ ತನಕ, ಬೊಗಸೆ ಮಣ್ಣು ಕಾಣದಂತೆ ಕಲ್ಲು ಹಾಸಿಬಿಡುತ್ತಾರೆ. ವಾಡಿಯಲ್ಲೂ ಇದೇ, ಸೇಡಂನಲ್ಲೂ ಇದೇ, ಚಿತ್ತಾಪುರದ ಹೊಸ ಬಡಾವಣೆಗಳಲ್ಲಂತೂ ಇನ್ನೂ ಜೋರು. ಕಲ್ಲು ನಮ್ಮ ಕಾಲಬುಡದಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ಎರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಳಗೆ ಬರುವುದಿಲ್ಲ. ಬೇಸಿಗೆಯ ರಾತ್ರಿ ನೀರು ಹೊಡೆದು, ಹೊರಸು ಹಾಕಿ ಮಲಗಬಹುದು. ಇದೆಲ್ಲ ನನಗೆ ಗೊತ್ತು. ನಾನೂ ಆ ಕಲ್ಲಿನ ಮೇಲೆಯೇ ಆಡಿ ಬೆಳೆದವಳು. ಆದರೂ ಈ ಸಲ ಮಿರಗದ ಮಳೆ ಬೀಳುವ ಮೊದಲು ಅಂಗಳದಲ್ಲಿ ಬಿಸಿಲು ಬೀಳುವ ಒಂದು ಜಾಗ ನೋಡಿ ಎಂಟು ಪರ್ಸಿ ಎಬ್ಬಿಸಿ, ಅಲ್ಲಿ ಬೀಜ ಹಾಕಿ ಕಾಯಿಪಲ್ಯ ಬೆಳೆಯಿರಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಎಂಟು ಎಂದಿದ್ದಕ್ಕೆ ಲೆಕ್ಕವಿದೆ. ಎರಡು ಫೂಟಿನ ಚೌಕ ಪರ್ಸಿ ನಾಲ್ಕು ನಾಲ್ಕರಂತೆ ಎರಡು ಸಾಲು ಎಬ್ಬಿಸಿದರೆ ನಾಲ್ಕು ಫೂಟು ಅಗಲ, ಎಂಟು ಫೂಟು ಉದ್ದದ ಮಡಿಯಾಗುತ್ತದೆ. ಎರಡೂ ಬದಿಯಿಂದ ಕುಂತು ಕೈ ಚಾಚಿದರೆ ನಡುವಿನ ತನಕ ಮುಟ್ಟುತ್ತದೆ, ಮಡಿಯೊಳಗೆ ಕಾಲಿಡುವ ಕೆಲಸವಿಲ್ಲ. ನಮ್ಮ ಎರಿಮಣ್ಣಿನಲ್ಲಿ ಇದು ಸಣ್ಣ ಮಾತಲ್ಲ. ಹಸಿಯಿದ್ದಾಗ ಒಂದು ಸಲ ತುಳಿದರೆ ಆ ಹೆಜ್ಜೆ ಒಣಗಿ ಇಟ್ಟಿಗೆಯಾಗುತ್ತದೆ, ಅಲ್ಲಿ ಬೇರು ಇಳಿಯುವುದಿಲ್ಲ. ಗೋಡೆಗೆ ಹತ್ತಿದ ಜಾಗವಾದರೆ ಒಂದೇ ಸಾಲು ಎಬ್ಬಿಸಿದರೆ ಸಾಕು. ದಿನಕ್ಕೆ ಆರು ತಾಸು ಬಿಸಿಲು ಇರಬೇಕು. ಪಡುವಣ ಗೋಡೆಯ ಕಾವು ತಾಗದ ಕಡೆಯಾದರೆ ಮತ್ತೂ ಒಳ್ಳೆಯದು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ ಶುರುವಾಗಿ ಸೇಡಂ, ಚಿತ್ತಾಪುರ ಸುತ್ತಿ, ನಮ್ಮ ಮನೆಯವರ ರೈಲ್ವೆ ನೌಕರಿಯಿಂದಾಗಿ ವಾಡಿಯ ಕ್ವಾರ್ಟರ್ಸಿನಲ್ಲಿ ಬಹಳ ಕಾಲ ಇದ್ದು, ಈಗ ತವರೂರು ಶಹಾಬಾದಿಗೆ ಬಂದು ನಿಂತಿದ್ದೇನೆ. ಹೋದ ಶಾಲೆಯಲ್ಲೆಲ್ಲ ಮಕ್ಕಳ ಕೈಯಲ್ಲಿ ಒಂದಿಷ್ಟು ಪಲ್ಯ ಹಾಕಿಸುತ್ತಿದ್ದೆ. ಹಾಗಾಗಿ ನಿವೃತ್ತಿಯಾದ ಮೇಲೂ ಓಣಿಯ ಹೆಣ್ಣುಮಕ್ಕಳು ಬೀಜ ಹಿಡಿದುಕೊಂಡು ಬರುತ್ತಾರೆ. ಬಂದವರೆಲ್ಲರ ಮೊದಲ ಮಾತು ಒಂದೇ: "ನಮಗೇನೂ ಗೊತ್ತಿಲ್ಲರಿ ಟೀಚರ್ರ, ನಾವು ಎಂದೂ ಬೀಜ ಹಾಕಿಲ್ಲ."

ಇದನ್ನು ನಾನು ಒಪ್ಪುವುದಿಲ್ಲ. ನವರಾತ್ರಿಗೆ ಘಟ ಕೂಡಿಸುವ ಮನೆಯವರು ಹೊಲದಿಂದ ಮಣ್ಣು ತಂದು, ಬುಟ್ಟಿಯಲ್ಲೋ ಪತ್ರಾವಳಿಯಲ್ಲೋ ಹರಡಿ, ಜೋಳ, ಗೋಧಿ, ಕಡಲೆ, ಹೆಸರು ಬಿತ್ತಿ, ನಡುವೆ ಮಣ್ಣಿನ ಮಗಿ ಇಟ್ಟು ಒಂಬತ್ತು ದಿನ ನೀರು ಹಾಕುತ್ತಾರೆ. ದಸರೆಯ ದಿನ ಆ ಸಸಿಯನ್ನು ಗಂಡಸರು ಟೋಪಿಗೆ, ಪಟಗಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಶ್ರಾವಣದ ತೀಜ್ ಹಬ್ಬಕ್ಕೆ ಮದುವೆಯಾಗದ ಹುಡುಗಿಯರು ಗೋಧಿ ನೆನೆಸಿ, ಮಣ್ಣು ಗೊಬ್ಬರ ಕಲಸಿದ ಸಣ್ಣ ಬುಟ್ಟಿಗಳಲ್ಲಿ ಹಾಕಿ, ಒಂಬತ್ತು ದಿನ ಹಾಡು ಹೇಳುತ್ತ ನೀರೆರೆಯುತ್ತಾರೆ. ನನ್ನ ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿ, ಬೆಂಡಿ ಬೀಜ ನೆನೆಸಲು ನಾನು ತಟ್ಟೆ ತುಂಬ ನೀರು ಹಾಕಿದ್ದನ್ನು ನೋಡಿ, "ಅಷ್ಟು ಬ್ಯಾಡ್ರಿ ಟೀಚರ್, ಬೀಜ ಮುಳುಗಿದ್ರ ಸಾಕು, ಮುಂಜಾನಿ ಬಸೀಬೇಕು" ಎಂದಿದ್ದಳು. ಬೀಜಕ್ಕೆ ನೀರಿನ ಜೊತೆ ಗಾಳಿಯೂ ಬೇಕೆಂಬುದು ನನ್ನ ವಿಜ್ಞಾನದ ಪುಸ್ತಕದಲ್ಲಿ ಇತ್ತು. ಅವಳಿಗೆ ಅದು ಹಬ್ಬದಿಂದ ಬಂದಿತ್ತು.

ಅಂದರೆ ಮೊಳಕೆ ಬರಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಬಂದೇ ಬರುತ್ತದೆ. ಗೊತ್ತಿಲ್ಲದಿರುವುದು ಹತ್ತನೆಯ ದಿನದಿಂದ ಮುಂದಿನದು. ಘಟದ ಸಸಿ ದೇವರ ಕೋಣೆಯ ಮಬ್ಬಿನಲ್ಲಿ, ಒಂದಕ್ಕೊಂದು ಒತ್ತಿ, ಹಳದಿಯಾಗಿ ಉದ್ದಕ್ಕೆ ಏಳುತ್ತದೆ. ಅದು ಬೀಜದೊಳಗಿನ ಬುತ್ತಿಯನ್ನಷ್ಟೇ ಉಂಡು ಎದ್ದ ಸಸಿ. ಬುತ್ತಿ ತೀರಿದ ಮೇಲೆ ಅದಕ್ಕೆ ಬಿಸಿಲು ಬೇಕು, ಜಾಗ ಬೇಕು. ಕಾಯಿಪಲ್ಯಕ್ಕೆ ಕುಂಡದಲ್ಲಿ ಬೀಜ ಹಾಕುವವರು ಬಹಳ ಮಂದಿ ಘಟದಂತೆಯೇ ದಟ್ಟಗೆ ಚೆಲ್ಲಿ, ನೆರಳಿನಲ್ಲಿ ಇಡುತ್ತಾರೆ. ಸಸಿ ಎದ್ದಾಗ ಖುಷಿಯಾಗುತ್ತದೆ, ವಾರದಲ್ಲಿ ಬಗ್ಗಿ ಬೀಳುತ್ತದೆ, ನಮ್ಮ ಕೈಗುಣ ಸರಿಯಿಲ್ಲ ಎಂದು ಬಿಟ್ಟುಬಿಡುತ್ತಾರೆ. ಕೈಗುಣದ ಮಾತೇ ಅಲ್ಲ ಇದು. ಮೊದಲ ಎಲೆ ಕಂಡ ದಿನವೇ ಬಿಸಿಲಿಗೆ ತರಬೇಕು; ಒಂದು ಗುಣಿಗೆ ಮೂರು ಬೀಜ ಹಾಕಿದ್ದರೆ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದ ಎರಡನ್ನು ತೆಗೆಯಬೇಕು. ಕಿತ್ತರೆ ಉಳಿಯಬೇಕಾದ ಸಸಿಯ ಬೇರೂ ಅಲುಗುತ್ತದೆ, ಆದ್ದರಿಂದ ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು ಒಳ್ಳೆಯದು. "ಜೀವ ಇರೋ ಸಸಿ ಹ್ಯಾಂಗ ಕತ್ತರಸ್ಲಿ?" ಎಂದು ಪಕ್ಕದ ಮನೆಯ ಸೊಸೆ ಕೇಳಿದಳು. ಕತ್ತರಿಸಲೇಬೇಕು ತಂಗಿ. ಇಲ್ಲದಿದ್ದರೆ ಮೂರೂ ಬಡಕಲಾಗುತ್ತವೆ.

ಈಗ ಪರ್ಸಿಯ ಕೆಳಗೆ ಏನಿದೆ ನೋಡೋಣ. ಮೇಲೆ ಒಂದು ಪದರ ಗಾರೆ, ಅದರ ಕೆಳಗೆ ಮುರುಮು, ಕಲ್ಲಿನ ಪುಡಿ, ಕಟ್ಟಡದ ಒಡಕು ಇಟ್ಟಿಗೆ. ಅದನ್ನೆಲ್ಲ ಒಂದು ಫೂಟು ಆಳಕ್ಕೆ ತೆಗೆಸಿಬಿಡಿ; ಅದರ ಮೇಲೆ ಗೊಬ್ಬರ ಚೆಲ್ಲಿ ಬಿತ್ತಿದರೆ ಫಲವಿಲ್ಲ. ತೆಗೆದ ಕುಣಿಗೆ ಎರಿಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಕೆಂಪುಮಣ್ಣು ಅಥವಾ ಮರಳು ಒಂದು ಪಾಲು. ಕೆಂಪುಮಣ್ಣು ಚಿಂಚೋಳಿಯವರಿಗೆ ಊರ ಹೊರಗೇ ಸಿಗುತ್ತದೆ, ಉಳಿದವರು ತರಿಸಿಕೊಳ್ಳಬೇಕು. ಬರೀ ಎರಿಮಣ್ಣು ತುಂಬಬೇಡಿ. ಹೊಲದಲ್ಲಿ ಅದು ಬಂಗಾರವೇ ಹೌದು, ಆದರೆ ನಾಲ್ಕು ಕಡೆ ಕಲ್ಲು ಕಟ್ಟಿದ ಮಡಿಯಲ್ಲಿ ಮಳೆ ಬಂದರೆ ಉಬ್ಬಿ ನೀರು ನಿಲ್ಲಿಸಿಕೊಳ್ಳುತ್ತದೆ, ಬಿಸಿಲು ಬಂದರೆ ಬಿರಿದು ಬೇರನ್ನೇ ಹರಿಯುತ್ತದೆ. ಎಬ್ಬಿಸಿದ ಎಂಟು ಪರ್ಸಿಯನ್ನು ಎಸೆಯಬೇಡಿ. ನಡುವೆ ಎರಡು ಹೋಳು ಮಾಡಿ, ಮಡಿಯ ಸುತ್ತ ನಿಲ್ಲಿಸಿ ಅರ್ಧ ಮಣ್ಣಿನಲ್ಲಿ ಹುಗಿದರೆ ಅದೇ ಅಂಚಾಗುತ್ತದೆ, ಮಡಿ ನೆಲಕ್ಕಿಂತ ಮೇಲೇಳುತ್ತದೆ, ನಿಂತ ನೀರು ಬಸಿದುಹೋಗುತ್ತದೆ. ಒಡೆಯದೆ ಎಬ್ಬಿಸಿದರೆ ಅಂಚಿಗೆ ಆಗಿಯೂ ಒಂದೆರಡು ಉಳಿಯುತ್ತವೆ. ಬದಿಗೆ ಹಾಸಿಕೊಂಡರೆ ಕುಂತು ಕಳೆ ಕೀಳಲು ಅನುಕೂಲ.

ಬಾಡಿಗೆ ಮನೆಯವರು, ಕಾರ್ಖಾನೆಯ ಕ್ವಾರ್ಟರ್ಸಿನವರು ಕಲ್ಲು ಮುಟ್ಟುವಂತಿಲ್ಲ ಎನ್ನಬಹುದು. ಖಾಲಿ ಸಿಮೆಂಟ್ ಚೀಲಕ್ಕೆ ನಮ್ಮ ಕಡೆ ಬರವಿಲ್ಲ. ಚೆನ್ನಾಗಿ ಝಾಡಿಸಿ ತೊಳೆದು, ಬುಡಕ್ಕೆ ತೂತು ಮಾಡಿ, ಬಾಯಿ ಅರ್ಧ ಮಡಚಿ ಇದೇ ಮಣ್ಣು ತುಂಬಿದರೆ ಬೆಂಡಿ, ಬದನಿ ಎರಡೂ ಬರುತ್ತವೆ.

ಯಾವ ಬೀಜದಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನನ್ನದು ಸ್ವಲ್ಪ ಹಟವೇ. ಹೊಸಬರು ಎಲ್ಲರೂ ಟೊಮೆಟೊದಿಂದ ಶುರು ಮಾಡುತ್ತಾರೆ, ಅದೂ ಮಾರ್ಚಿನಲ್ಲಿ. ಮಾರುಕಟ್ಟೆಯಲ್ಲಿ ಅದರ ದರ ಏರಿದಾಗ ಮನಸ್ಸು ಅತ್ತ ಓಡುವುದು ಸಹಜ. ಆದರೆ ಟೊಮೆಟೊದ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸೀಮೆ. ಅದಕ್ಕೆ ತಣ್ಣನೆಯ ರಾತ್ರಿ ಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಅದರ ಹೂವಿನ ಪರಾಗ ಕೆಲಸ ಮಾಡುವುದಿಲ್ಲ, ಹೂ ಉದುರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಸಾಮಾನ್ಯ. ಬೆಂಡಿಯೂ ಪುಂಡಿಯೂ ಆಫ್ರಿಕದ ಬಿಸಿಲು ಕಂಡ ಗಿಡಗಳು. ಚವಳಿ ನಮ್ಮದೇ ಉಪಖಂಡದ ಒಣಸೀಮೆಯದು. ಈ ನೆಲದ ಸುಣ್ಣಕ್ಕೂ ಬಿಸಿಲಿಗೂ ಇವು ಹೆದರುವುದಿಲ್ಲ. ಮೊದಲ ಬೆಳೆ ಕೈಗೆ ಬಂದರೆ ಮನುಷ್ಯ ಎರಡನೆಯದಕ್ಕೆ ಕೈ ಹಾಕುತ್ತಾನೆ, ಹಾಗಾಗಿ ಮೊದಲ ಬೀಜ ಸೋಲದ ಬೀಜವಾಗಿರಬೇಕು.

ಮಿರಗ ಹುಟ್ಟುವುದು ಜೂನ್ 7-8ಕ್ಕೆ. ಮೊದಲ ಮಳೆ ಬಿದ್ದ ಕೂಡಲೇ ಅವಸರ ಬೇಡ, ಮಣ್ಣು ಒಂದು ಗೇಣು ಆಳದ ತನಕ ನೆನೆದು ಕಾವು ಇಳಿಯಲಿ. ಹಿಂದಿನ ರಾತ್ರಿ ನೆನೆಸಿದ ಬೆಂಡಿ ಬೀಜವನ್ನು ಒಂದು ಅಂಗುಲದೊಳಗೆ, ಗಿಡದಿಂದ ಗಿಡಕ್ಕೆ ಒಂದು ಫೂಟು ಬಿಟ್ಟು ಹಾಕಿ. ವಾರದೊಳಗೆ ಏಳುತ್ತದೆ, ಒಂದೂವರೆ ತಿಂಗಳಿಗೆ ಕಾಯಿ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಕೀಳಲೇಬೇಕು. ಬಲಿತ ಕಾಯಿ ಗಿಡದಲ್ಲಿ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ. ಚವಳಿ ಅದರ ಪಕ್ಕದ ಸಾಲಿಗೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದ ಬೇರೆ ಗೊಬ್ಬರ ಕೇಳುವುದಿಲ್ಲ. ಹೀರಿ ಬಳ್ಳಿ ಮೂಲೆಯಲ್ಲಿ ಎರಡೇ ಸಾಕು, ಗೋಡೆಗೆ ಹಗ್ಗ ಕಟ್ಟಿ ಹಬ್ಬಿಸಿ. ಹೀರಿಯಲ್ಲಿ ಮೊದಲು ಬರುವುದೆಲ್ಲ ಗಂಡು ಹೂ, ಅವು ಉದುರುತ್ತವೆ, ಗಾಬರಿಯಾಗಬೇಡಿ. ಹಿಂದೆ ಎಳೆಗಾಯಿ ಹೊತ್ತ ಹೆಣ್ಣು ಹೂ ಆಮೇಲೆ ಬರುತ್ತದೆ. ಅದು ಅರಳುವುದೂ ಸಂಜೆಗೆ. ದೀಪ ಹಚ್ಚುವ ಹೊತ್ತಿನಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಮುಟ್ಟಿಸಿದರೆ ಕಾಯಿ ನಿಲ್ಲುವುದು ಖಾತ್ರಿ. ಅಡಿಗೆಗೆ ಮೊದಲು ಒಂದು ತುಣುಕು ನಾಲಿಗೆಗೆ ಹಚ್ಚಿ ನೋಡಿ, ಕಹಿ ಇದ್ದರೆ ಆ ಕಾಯಿ ಬಿಸಾಡಿ. ಹೀರಿಯ ಕಹಿ ಹೊಟ್ಟೆಗೆ ಒಳ್ಳೆಯದಲ್ಲ.

ಪುಂಡಿಯ ಬಗ್ಗೆ ಮಾತ್ರ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕು. ಜೋಳದ ರೊಟ್ಟಿಗೆ ಪುಂಡಿಪಲ್ಯ, ಮೇಲೆ ಒಂದಿಷ್ಟು ಕುಸುಬಿ ಎಣ್ಣೆ: ಇದಕ್ಕಿಂತ ಹೆಚ್ಚಿನ ಊಟ ಈ ಸೀಮೆಯಲ್ಲಿ ನನಗೆ ಗೊತ್ತಿಲ್ಲ. ನಮ್ಮವ್ವ ತೊಗರಿ ಬಿತ್ತುವಾಗ ಉಡಿಯಲ್ಲಿ ಪುಂಡಿ, ಅಲಸಂದಿ, ಸೌತಿ ಬೀಜ ಕಟ್ಟಿಕೊಂಡು ಹೋಗಿ ಕೂರಿಗಿಯ ಹಿಂದೆ ಅಕ್ಕಡಿ ಸಾಲಿನಲ್ಲಿ ಬಿಡುತ್ತಿದ್ದಳು. ಮಳೆಗಾಲ ಪೂರ್ತಿ ಹೊಲದಿಂದ ಬರುವಾಗ ಸೆರಗಿನಲ್ಲಿ ಏನಾದರೊಂದು ಪಲ್ಯ ಇದ್ದೇ ಇರುತ್ತಿತ್ತು. ಈಗ ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಅದು ಸಂತೋಷ. ಆದರೆ ತೊಗರಿ ಒಂದೇ ಬೆಳೆಯಾಗಿ ನಿಂತ ಹೊಲಕ್ಕೆ ಕಳೆನಾಶಕ ಹೊಡೆದ ಮೇಲೆ ಅಕ್ಕಡಿ ಉಳಿಯುವುದಿಲ್ಲ, ತಾನಾಗಿ ಏಳುತ್ತಿದ್ದ ಗೋಣಿಪಲ್ಯ, ಹತ್ತರಕಿ, ಕಿರಕಸಾಲಿಯೂ ಉಳಿಯುವುದಿಲ್ಲ. ಆಳು ಸಿಗದ ಕಾಲದಲ್ಲಿ ರೈತನನ್ನು ದೂರಿ ಉಪಯೋಗವಿಲ್ಲ. ಹೊಲದಿಂದ ಹೋದ ಪಲ್ಯಕ್ಕೆ ಮನೆಯ ಅಂಗಳವೇ ಈಗ ಜಾಗ ಕೊಡಬೇಕು. ಪುಂಡಿಗೆ ಬೇಕಾದದ್ದು ಒಂದು ಚಿಟಿಕೆ ಬೀಜ, ಒಂದು ಮೊಳದ ಅಂತರ. ತಿಂಗಳೊಪ್ಪತ್ತಿಗೆ ತುದಿ ಚಿವುಟಿದರೆ ಕವಲೊಡೆಯುತ್ತದೆ, ಚಿವುಟಿದಷ್ಟೂ ಎಲೆ. ಹಗಲು ಕಿರಿದಾಗುತ್ತಾ ಬಂದಾಗ ಅದು ಹೂವಿಗೆ ತಿರುಗುತ್ತದೆ, ಅಷ್ಟರ ತನಕ ಮನೆಗೆ ಪಲ್ಯದ ಚಿಂತೆಯಿಲ್ಲ.

ಬೀಜದ ಅಂಗಡಿಗೆ ಹೋದಾಗ ಪೊಟ್ಟಣದ ಮುಂದಿನ ಬಣ್ಣದ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ ಓದಿ. ಬೀಜ ಪರೀಕ್ಷೆಯಾದ ದಿನಾಂಕ ಅಲ್ಲಿ ಇರಬೇಕು. ನಮ್ಮ ದೇಶದ ಬೀಜ ಕಾಯ್ದೆ 1966ರದು. ಆ ವ್ಯವಸ್ಥೆಯಲ್ಲಿ ಪ್ರಮಾಣಿತ ಬೀಜಕ್ಕೆ ಪರೀಕ್ಷೆಯ ದಿನದಿಂದ ಮೊದಲ ಅವಧಿ ಒಂಬತ್ತು ತಿಂಗಳು. ನೂರಕ್ಕೆ ಕನಿಷ್ಠ ಎಷ್ಟು ಬೀಜ ಮೊಳೆಯಬೇಕು ಎಂಬುದಕ್ಕೂ ಗುಣಮಟ್ಟ ಇದೆ: ಟೊಮೆಟೊ, ಬದನಿ, ಮೆಂತ್ಯಕ್ಕೆ 70, ಬೆಂಡಿಗೆ 65, ಮೆಣಸಿನಕಾಯಿ ಮತ್ತು ಹೀರಿಗೆ 60. ಹತ್ತು ಹೀರಿ ಬೀಜದಲ್ಲಿ ಆರು ಎದ್ದರೆ ಬೀಜ ಸರಿಯಾಗಿಯೇ ಇದೆ ಎಂದರ್ಥ. ಹೊಸಬರು ನಾಲ್ಕು ಏಳಲಿಲ್ಲವೆಂದು ಕೊರಗುತ್ತಾರೆ. ಸಂಶಯವಿದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಣಿಸಿ ನೋಡಿ. ಪೊಟ್ಟಣದ ಬೀಜ ಗುಲಾಬಿ, ನೀಲಿ ಬಣ್ಣದಲ್ಲಿದ್ದರೆ ಔಷಧಿ ಹಚ್ಚಿದ್ದು. ಮಕ್ಕಳ ಕೈಗೆ ಕೊಡಬೇಡಿ, ಹಾಕಿದ ಮೇಲೆ ಕೈ ತೊಳೆಯಿರಿ. ಮತ್ತೆ, ಎಫ್-1 ಎಂದೋ ಹೈಬ್ರಿಡ್ ಎಂದೋ ಬರೆದಿದ್ದರೆ ಅದರ ಕಾಯಿಯಿಂದ ತೆಗೆದ ಬೀಜ ಮುಂದಿನ ವರ್ಷ ತಾಯಿಯಂತೆ ಬರುವುದಿಲ್ಲ. ಹೊಸಬರಿಗೆ ನಾನು ಹೈಬ್ರಿಡ್ ಅಲ್ಲದ ತಳಿಯನ್ನೇ ಹೇಳುತ್ತೇನೆ. ಬೆಂಡಿಯಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ, ಚವಳಿಯಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನವಬಹಾರ್ ಅಂಥವು. ಬದಿಯ ಒಂದು ಗಿಡದಲ್ಲಿ ನಾಲ್ಕು ಕಾಯಿ ಒಣಗಲು ಬಿಟ್ಟರೆ ಮುಂದಿನ ಮಿರಗಕ್ಕೆ ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ಬೆಳೆದವನು ತನ್ನ ಬೀಜವನ್ನು ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ನೆರೆಯವರಿಗೆ ಕೊಡುವ ಹಕ್ಕನ್ನು ಕಾಪಾಡಿದೆ. ಮೆಂತ್ಯ, ಕೊತ್ತಂಬರಿಗೆ ಅಡಿಗೆಮನೆಯ ಡಬ್ಬಿಯೇ ಸಾಕು. ಕೊತ್ತಂಬರಿ ಕಾಳಿನೊಳಗೆ ಎರಡು ಬೀಜ ಜೋಡಿಯಾಗಿರುತ್ತವೆ, ನೆಲದ ಮೇಲೆ ಹಾಕಿ ಅಂಗೈಯಲ್ಲಿ ಒತ್ತಿ ಉಜ್ಜಿದರೆ ಹೋಳಾಗುತ್ತದೆ. ಹತ್ತು ಹನ್ನೆರಡು ದಿನ ಏನೂ ಕಾಣುವುದಿಲ್ಲ, ತಾಳ್ಮೆ ಬೇಕು.

ಬೀಜ ಹಾಕಿದ ಮೊದಲ ವಾರವೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಮಣ್ಣಿಗೆ ನೀರು ಸುರಿದು ಬಿಸಿಲು ಬಿದ್ದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಬೆಂಡಿಯ ಮೊಳಕೆ ಕತ್ತು ಬಗ್ಗಿಸಿಕೊಂಡು, ಬೆನ್ನಿನಿಂದ ಆ ಪದರವನ್ನು ಎತ್ತಲು ನೋಡುತ್ತದೆ. ಬಗ್ಗಿ ನೋಡಿದರೆ ಮಣ್ಣಿನ ಚಿಕ್ಕ ಬಿಲ್ಲೆಯೊಂದು ಮೇಲೆದ್ದು, ಅಂಚಿನಲ್ಲಿ ಬಿರುಕು ಬಿಟ್ಟಿರುವುದು ಕಾಣುತ್ತದೆ. ಪದರ ಗಟ್ಟಿಯಿದ್ದರೆ ಕತ್ತು ಅಲ್ಲೇ ಮುರಿಯುತ್ತದೆ. ಇದಕ್ಕೆ ಬೀಜದ ಮೇಲೆ ಎರಿಮಣ್ಣು ಮುಚ್ಚದೆ ಜರಡಿ ಹಿಡಿದ ಗೊಬ್ಬರ ಮುಚ್ಚಬೇಕು. ಮೇಲೆ ಒದ್ದೆ ಗೋಣಿ ತಟ್ಟು ಹಾಸಿ, ತಟ್ಟಿನ ಮೇಲೆಯೇ ನೀರು ಚಿಮುಕಿಸಬೇಕು. ದಿನಾ ಮುಂಜಾನೆ ಒಂದು ಮೂಲೆ ಎತ್ತಿ ನೋಡಿ. ಮೊದಲ ಮೊಳಕೆ ಕಂಡ ಸಂಜೆಯೇ ತಟ್ಟು ತೆಗೆದುಬಿಡಿ. ತೆಗೆದ ಕೂಡಲೇ ಗುಬ್ಬಿ, ಅಳಿಲು, ಓಣಿಯ ಆಡು ಕೋಳಿ ಎಲ್ಲಕ್ಕೂ ಸುದ್ದಿ ಮುಟ್ಟುತ್ತದೆ. ಎರಡು ಜಾಲಿ ಕಂಟಿ ತಂದು ಮಡಿಯ ಮೇಲೆ ಅಡ್ಡ ಇಟ್ಟರೆ ಅದಕ್ಕಿಂತ ಒಳ್ಳೆ ಕಾವಲಿಲ್ಲ. ಇರುವೆ ಸಣ್ಣ ಬೀಜ ಹೊತ್ತೊಯ್ಯುವುದು ಬದನಿ, ರಾಜಗಿರಿಯಲ್ಲಿ ಹೆಚ್ಚು, ಅಂಚಿನ ಸುತ್ತ ಬೂದಿ ಉದುರಿಸಿ.

ನೀರಿಲ್ಲ ಎಂಬ ಮಾತು ವಾಡಿ, ಶಹಾಬಾದಿನಲ್ಲಿ ಬರುತ್ತದೆ, ನಳ ದಿನವೂ ಬರುವುದಿಲ್ಲವಾದ್ದರಿಂದ ಅದು ನೆಪವಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಮಡಿ 32 ಚದರ ಫೂಟು, ಅಂದರೆ ಸುಮಾರು ಮೂರು ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರು. ದಿನಕ್ಕೆ ಐದು ಮಿಲಿಮೀಟರ್ ಕೊಟ್ಟರೂ ಹದಿನೈದು ಲೀಟರು, ಹೆಚ್ಚುಕಡಿಮೆ ಒಂದು ಕೊಡ. ಕಡುಬೇಸಿಗೆಯಲ್ಲಿ ಎರಡು ಕೊಡ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಒಂದು ಬಕೀಟಿಗೆ ಕೂಡಿಸಿದರೆ ಅದರಲ್ಲಿ ಅರ್ಧ ಅಲ್ಲೇ ಸಿಗುತ್ತದೆ. ಬುಡಕ್ಕೆ ತೊಗರಿ ಹೊಟ್ಟು ಹಾಸಿದರೆ ತೇವ ನಿಲ್ಲುತ್ತದೆ. ಬೆಳಗಿನ ಹೊತ್ತು, ಬುಡಕ್ಕೆ, ನಿಧಾನಕ್ಕೆ ಹಾಕಿ.

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ, ನಮ್ಮ ಈ ಐದೂ ಊರಿಗೆ ಸಮನಾದ ತೊಂದರೆ ಒಂದಿದೆ, ಬೇರೆ ಕಡೆಯ ಕೈತೋಟದ ಪುಸ್ತಕಗಳಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದೆಂದು ಜನ ಯೂರಿಯಾ ಹಾಕುತ್ತಾರೆ. ಅದು ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಿನಲ್ಲಿ ಇದೆ, ಆದರೆ ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಅದು ಬೇರಿಗೆ ಸಿಗದ ರೂಪದಲ್ಲಿ ಕೂತಿರುತ್ತದೆ. ಕೆಳಗೆ ಸುಣ್ಣಕಲ್ಲು, ಬೋರಿನ ಗಡಸು ನೀರು, ಪಾಲಿಶ್ ಮಾಡುವ ಕಡೆಯ ಬಿಳಿ ಹುಡಿ, ಎಲ್ಲ ಒಂದೇ ಕಡೆ ಎಳೆಯುತ್ತವೆ. ಒಂದು ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ ಕಲಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹಸಿರು ತಿರುಗುತ್ತದೆ. ಕಾಯಂ ಪರಿಹಾರ ಮಾತ್ರ ತಿಪ್ಪೆಗೊಬ್ಬರವೇ, ಪ್ರತಿ ಬೆಳೆಗೂ. ಮಡಿಗೆ ಕಲ್ಲಿನ ಹುಡಿ ಬೆರೆಸಿದ ಮಣ್ಣು ತುಂಬಬೇಡಿ. ಕಾರ್ಖಾನೆಯ ಸಮೀಪದವರು ಎಲೆಯ ಮೇಲೆ ಧೂಳು ಕೂತಿದ್ದರೆ ಮುಂಜಾನೆ ನೀರು ಚಿಮುಕಿಸಿ ತೊಳೆಯಬೇಕು. ಪಲ್ಯವನ್ನಂತೂ ಎರಡು ಮೂರು ನೀರಿನಲ್ಲಿ ತೊಳೆದೇ ಒಲೆಗೆ.

ಮಳೆಯ ಲೆಕ್ಕದಲ್ಲಿ ನಾವೆಲ್ಲ ಒಂದಲ್ಲ ಎಂಬುದನ್ನೂ ನೆನಪಿಡಬೇಕು. ಕೃಷಿ ಇಲಾಖೆಯ ಲೆಕ್ಕದಲ್ಲಿ ಚಿಂಚೋಳಿ ಈಶಾನ್ಯ ಪರಿವರ್ತನಾ ವಲಯ, ಸೇಡಂ, ಚಿತ್ತಾಪುರ ಈಶಾನ್ಯ ಒಣ ವಲಯ. ಒಣ ವಲಯದಲ್ಲೂ 2020ರ ಅಕ್ಟೋಬರಿನಂತೆ ಭೀಮಾ, ಕಾಗಿಣಾ ತುಂಬಿ ಹರಿಯುವ ವರ್ಷವೂ ಬರುತ್ತದೆ. ಎತ್ತರಿಸಿದ ಮಡಿ ಎಂದು ನಾನು ಒತ್ತಿ ಹೇಳಿದ್ದು ಅದಕ್ಕೇ.

ಸೆಪ್ಟೆಂಬರ್ ಕೊನೆಗೆ ಹಸ್ತ ಹುಟ್ಟಿದಾಗ ಬೆಂಡಿ ಮುಗಿದಿರುತ್ತದೆ. ಆಗ ಮೆಂತ್ಯ, ಪಾಲಕ, ಸಬ್ಬಸಗಿ, ಮೂಲಂಗಿ, ಗಜ್ಜರಿ ನೇರವಾಗಿ ಮಡಿಗೆ. ಟೊಮೆಟೊದ ಸರದಿ ಬರುವುದು ಈಗ. ಕಾಲು ಅಂಗುಲ ಆಳಕ್ಕೆ ಒಂದು ಡಬ್ಬಿಯಲ್ಲಿ ಹಾಕಿ, ನಾಲ್ಕು ವಾರದ ಸಸಿಯನ್ನು ಸಂಜೆ ಹೊತ್ತಿನಲ್ಲಿ ನಾಟಿ ಮಾಡಿದರೆ, ಡಿಸೆಂಬರ್‌ನಿಂದ ಫೆಬ್ರುವರಿ ತನಕ ಗಿಡ ನಿಮಗೆ ಹಣ್ಣು ಕೊಡುತ್ತದೆ. ಎಳ್ಳಮಾಸಿಯ ಭಜ್ಜಿಗೆ ಎಳೆ ತೊಗರಿ, ಅವರಿ, ಕಡಲಿ ಹೊಲದಿಂದ ಬರಲಿ. ಮೆಂತ್ಯ, ಗಜ್ಜರಿ, ಬದನಿ, ಹಸಿಮೆಣಸು ಅಂಗಳದಿಂದ ಬರಬಹುದು.

ಮನೆಯವರಿಗೆ ಹೇಳಿದ್ದಾಯಿತು, ಇನ್ನು ಹೊರಗಿನವರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇದೆ. ಮುಂಜಾನೆ ತಲೆ ಸುತ್ತಿ ಪ್ರಾರ್ಥನೆಯ ಸಾಲಿನಲ್ಲಿ ಕುಸಿದ ಹುಡುಗಿಯರನ್ನು ನಾನು ಎತ್ತಿ ಕೂರಿಸಿದ್ದೇನೆ. ಆ ಅಂಕಿ ನನಗೆ ಕಾಗದದ ಮೇಲಿನದಲ್ಲ. 2002ರ ಜೂನ್‌ನಲ್ಲಿ ಬಿಸಿಯೂಟ ಮೊದಲು ಶುರುವಾದ ರಾಜ್ಯದ ಏಳು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಶಾಲೆಯಲ್ಲಿ ಪೌಷ್ಟಿಕ ತೋಟ ಮಾಡಿ ಎಂದು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೆ ನಾನು ಕೆಲಸ ಮಾಡಿದ ಒಂದು ಕಡೆ ಬೀಜದ ಕಿಟ್ ಬಂದದ್ದು ಫೆಬ್ರುವರಿಯಲ್ಲಿ. ಎರಡು ತಿಂಗಳಲ್ಲಿ ಶಾಲೆಗೆ ಬೇಸಿಗೆ ರಜೆ, ಬಾವಿಯಲ್ಲಿ ನೀರಿಲ್ಲ. ಕಿಟ್ಟಿನೊಳಗೆ ಇದ್ದದ್ದು ಎಲೆಕೋಸು, ದೊಣ್ಣೆಮೆಣಸು. ಕೊಟ್ಟವರ ಮನಸ್ಸು ಒಳ್ಳೆಯದೇ ಇದ್ದೀತು, ಆದರೆ ಈ ಊರಿನ ಹವೆ ಕೇಳಿ ಕೊಟ್ಟದ್ದಲ್ಲ ಅದು.

ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಶಾಲೆಗಳಿಗೆ ಕೋಣೆ, ಕಂಪೌಂಡ್ ಆಗುತ್ತಿವೆ, ಆಗಲಿ. ಅಂಗಳಕ್ಕೆ ಪರ್ಸಿ ಅಥವಾ ಪೇವರ್ ಹಾಕುವ ಅಂದಾಜುಪಟ್ಟಿ ಬರೆಯುವ ಎಂಜಿನಿಯರುಗಳು ನಳದ ಹತ್ತಿರ ನಾಲ್ಕು ಮಡಿಯಷ್ಟು ಜಾಗ ಬಿಟ್ಟು ಬರೆಯಲಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಪುರಸಭೆಗಳು, ನಗರಸಭೆಗಳು ಮನೆಯಂಗಳದಲ್ಲಿ ಒಂದಿಷ್ಟು ತೆರೆದ ಮಣ್ಣು ಇರಲೇಬೇಕೆಂದು ಕೇಳಲಿ. ಮಳೆನೀರು ಇಂಗುವುದಕ್ಕೂ ಅದೇ ದಾರಿ. ತೋಟಗಾರಿಕೆ ಇಲಾಖೆಯವರು, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರು ಸೇರಿ ಈ ಸೀಮೆಗೆಂದೇ ಒಂದು ಪೊಟ್ಟಣ ಮಾಡಲಿ: ಬೆಂಡಿ, ಚವಳಿ, ಹೀರಿ, ಪುಂಡಿ, ರಾಜಗಿರಿ, ಹೈಬ್ರಿಡ್ ಅಲ್ಲದ್ದು, ಪರೀಕ್ಷೆಯ ದಿನಾಂಕ ಬರೆದದ್ದು. ಅದು ಪಠ್ಯಪುಸ್ತಕದ ಜೊತೆಗೇ ಮೇ ಕೊನೆಯ ವಾರದಲ್ಲಿ ಶಾಲೆ, ಅಂಗನವಾಡಿ ಮುಟ್ಟಲಿ. ಹಸ್ತದ ಬೀಜದ ಇನ್ನೊಂದು ಪೊಟ್ಟಣ ದಸರಾ ರಜೆಗೆ ಮೊದಲು ಬರಲಿ.

ಅಲ್ಲಿಯ ತನಕ ಮುಖ್ಯೋಪಾಧ್ಯಾಯರು ಯಾರಿಗೂ ಕಾಯಬೇಕಾಗಿಲ್ಲ. ಶಾಲೆ ಶುರುವಾದ ವಾರ ತಾಯಂದಿರ ಸಭೆ ಕರೆದು, ಯಾರ ಮನೆಯಲ್ಲಿ ಪುಂಡಿ ಬೀಜ ಇದೆ ಎಂದು ಕೇಳಿ. ಊರಲ್ಲಿ ಒಬ್ಬ ಮುದುಕಿಯಾದರೂ ಹಳೆ ಸೀರೆಯ ಚಿಂದಿಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ ಇಟ್ಟಿರುತ್ತಾಳೆ. ನಾನು ಹೋದ ಊರುಗಳಲ್ಲೆಲ್ಲ ಸಿಕ್ಕಿದೆ, ಕೇಳಿದರೆ ಒಂದು ಹಿಡಿ ಕೊಡದೆ ಕಳಿಸಿದವರಿಲ್ಲ.